ಜೋಗದ ದಾರಿಯಲ್ಲಿ ಗೇರುಸೊಪ್ಪೆ ಬಿಡಬೇಡಿ

ಉಡುಪಿಯಿಂದ ಅಮ್ಮನನ್ನು ಕರ್ಕೊಂಡು ಜೋಗಕ್ಕೆ ಹೊರಟಿದ್ದೇವೆ, ಜಲಪಾತ ಬಿಟ್ಟು ನೋಡೋಕೆ ಇನ್ನೇನಿದೆ ಅಂತ ಕೇಳಿದ್ರಿ ಅಲ್ವಾ? ಹೊನ್ನಾವರದ ಮೇಲೆ ಹೋಗಿ, ಗೇರುಸೊಪ್ಪೆಯಲ್ಲಿ ಇಳಿಯಿರಿ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಅಂತ ಕರೆದ ಚೆನ್ನಭೈರಾದೇವಿ ಆಳಿದ ಊರು ಅದು. ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ, ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಕಡೆಯಿಂದ ಹೋದರೂ ಎದುರಿಗೆ ತೀರ್ಥಂಕರರ ಮೂರ್ತಿ. ನಮ್ಮ ಕಾರ್ಕಳದ ಬಸದಿ ನೋಡಿದವರಿಗೆ ತಕ್ಷಣ ಅದೇ ನೆನಪಾಗುತ್ತದೆ. ಮಳೆಗಾಲದಲ್ಲಿ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಅಮ್ಮನ ಕೈ ಹಿಡ್ಕೊಂಡೇ ನಡೆಯಿರಿ.

ಜೋಗದಲ್ಲಿ ಶರಾವತಿ 253 ಮೀಟರ್ ಕೆಳಗೆ ಧುಮುಕುತ್ತಾಳೆ. ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದಿಡುವುದರಿಂದ ಬೇಸಿಗೆಯಲ್ಲಿ ಹೋದರೆ ಸುಮ್ನೆ ಬಂಡೆ ನೋಡಿ ಬರಬೇಕಾಗುತ್ತದೆ. ಆಗಸ್ಟ್‌ನಲ್ಲೇ ಹೋಗಿ. ತಳಕ್ಕೆ ಇಳಿಯುವ ಮೆಟ್ಟಿಲು ತುಂಬಾ ಜಾಸ್ತಿ, ಅಮ್ಮನಿಗೆ ಬೇಡ. ಆ ಸಮಯ ಉಳಿಸಿ ಸಾಗರದ ಹತ್ತಿರ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ತೋರಿಸಿ.