ಕಣ್ಣಿಗೆ ಮಬ್ಬು, ಹವಳಕ್ಕೆ ಬಿಸಿಲು

ಪ್ರಶ್ನೆ: ನನ್ನದು ಮೂರು ಅಡಿ ಉದ್ದದ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್. ಮೇಲೆ 6500 ಕೆಲ್ವಿನ್‌ನ ಎರಡು ಬಿಳಿ ಎಲ್‌ಇಡಿ ದೀಪಗಳಿವೆ. ಮಶ್ರೂಮ್, ಜೋಯಾಂಥಿಡ್, ಒಂದು ಹ್ಯಾಮರ್, ಹೀಗೆ ಮೂರು ಬಗೆಯ ಹವಳ ಸಾಕಿದ್ದೇನೆ. ಆರು ತಿಂಗಳಿಂದ ಬದುಕಿವೆ, ಆದರೆ ಎಲ್ಲವೂ ಕಂದು ಕಂದು. ತಂದಾಗ ಇದ್ದ ಹಸಿರು, ಕಿತ್ತಳೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಲಂಕಾರಕ್ಕೆ ಹಾಕುವ ನೀಲಿ ಎಲ್‌ಇಡಿ ಸ್ಟ್ರಿಪ್ ಅಂಟಿಸಿದರೆ ಸಾಕು ಎನ್ನುತ್ತಾನೆ ಗೆಳೆಯ. ಹಾಕಬಹುದಾ? ಎಷ್ಟು ಹಾಕಬೇಕು?

ಉತ್ತರ: ನೀಲಿ ಬೆಳಕು ಹಾಕಬಹುದು. ಆದರೆ ಏನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಟ್ಯಾಂಕಿನ ದೀಪ ಆರಿದ ತಕ್ಷಣ, ಹವಳಗಳು ಮುದುಡುವ ಮೊದಲೇ, ಒಂದು ಸಣ್ಣ ನೀಲಿ ಟಾರ್ಚ್ ಹಿಡಿದು ಗಾಜಿನ ಮುಂದೆ ಕೂತುಕೊಳ್ಳಿ. ಒಂದೊಂದರ ಮೇಲೂ ಬೆಳಕು ಬಿಡಿ. ಹ್ಯಾಮರ್‌ನ ತುದಿ ಹಸಿರಾಗಿ ಹೊಳೆಯಿತಾ? ಜೋಯಾಂಥಿಡ್‌ನ ಅಂಚು ಕಿತ್ತಳೆ ಕೆಂಡದ ಹಾಗೆ ಕಂಡಿತಾ? ಹಾಗಿದ್ದರೆ ನಿಮ್ಮ ಬಣ್ಣ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ.

ಹವಳದ ಮಾಂಸದಲ್ಲಿ ಕೆಲವು ಪ್ರೋಟೀನ್‌ಗಳಿವೆ. ಅವು ನೀಲಿ ಬೆಳಕನ್ನು ನುಂಗಿ ಹಸಿರು, ಕಿತ್ತಳೆ, ಕೆಂಪು ಬೆಳಕನ್ನು ಉಗುಳುತ್ತವೆ. ಬಿಳಿ ಬೆಳಕಿನ ಅಬ್ಬರದಲ್ಲಿ ಈ ಹೊಳಪು ಕಾಣುವುದೇ ಇಲ್ಲ. ಅಂಗಡಿಯಲ್ಲಿ ನೀಲಿ ದೀಪದ ಕೆಳಗಿಟ್ಟು ತೋರಿಸಿರುತ್ತಾರೆ, ಮನೆಗೆ ತಂದು ಬಿಳಿ ದೀಪದ ಕೆಳಗೆ ಇಡುತ್ತೇವೆ, ಆಮೇಲೆ ಮೋಸ ಹೋದೆ ಅಂದುಕೊಳ್ಳುತ್ತೇವೆ. ಅಂದ ಹಾಗೆ, ಲ್ಯಾಬ್‌ಗಳಲ್ಲಿ ಜೀವಕೋಶಗಳನ್ನು ಗುರುತಿಸಲು ಬಳಸುವ ಒಂದು ಕೆಂಪು ಪ್ರೋಟೀನ್ 1999ರಲ್ಲಿ ಬೆಳಕಿಗೆ ಬಂದದ್ದು ಡಿಸ್ಕೋಸೋಮಾ ಜೀವಿಯಿಂದ. ನಾವು ಮಶ್ರೂಮ್ ಅಂತ ಕರೆದು ಟ್ಯಾಂಕಿನ ಮೂಲೆಯಲ್ಲಿ ಇಟ್ಟಿರುತ್ತೇವಲ್ಲ, ಅದೇ ಜಾತಿ.

ಟಾರ್ಚ್‌ಗೆ ಏನೂ ಹೊಳೆಯದಿದ್ದರೆ ದೀಪಕ್ಕೆ ದುಡ್ಡು ಸುರಿಯಬೇಡಿ. ಮೊದಲು ನೈಟ್ರೇಟ್, ಫಾಸ್ಫೇಟ್ ಟೆಸ್ಟ್ ಮಾಡಿ. ಹವಳದ ಮಾಂಸದೊಳಗೆ ವಾಸವಾಗಿರುವ ಸೂಕ್ಷ್ಮ ಪಾಚಿಯ ಬಣ್ಣವೇ ಕಂದು. ನೀರಿನಲ್ಲಿ ಗೊಬ್ಬರ ಜಾಸ್ತಿಯಾದರೆ ಆ ಪಾಚಿ ಸೊಂಪಾಗಿ ಬೆಳೆದು ಉಳಿದ ಬಣ್ಣವನ್ನು ಮುಚ್ಚಿಬಿಡುತ್ತದೆ. ಅದನ್ನು ಯಾವ ದೀಪವೂ ಸರಿ ಮಾಡುವುದಿಲ್ಲ.

ಹೊಳೆಯಿತು ಅಂತಲೇ ಇಟ್ಟುಕೊಳ್ಳೋಣ. ಈಗ ನಿಮ್ಮ ಬಿಳಿ ದೀಪವನ್ನು ಆರಿಸಿ, ತಣ್ಣಗಾದ ಮೇಲೆ ಹತ್ತಿರದಿಂದ ನೋಡಿ. ಪ್ರತಿ ಎಲ್‌ಇಡಿ ಮೇಲೂ ಹಳದಿ ಚುಕ್ಕೆ ಕಾಣುತ್ತದೆ. ಅದರ ಅಡಿಯಲ್ಲಿರುವ ಚಿಪ್ ಸಾಮಾನ್ಯವಾಗಿ ನೀಲಿಯೇ! ಮೇಲೆ ಬಳಿದ ಹಳದಿ ಲೇಪನ ಆ ನೀಲಿಯಲ್ಲಿ ಬಹುಪಾಲನ್ನು ಹಸಿರು, ಹಳದಿ, ಕೆಂಪಾಗಿ ಬದಲಾಯಿಸುತ್ತದೆ. ಎಲ್ಲ ಸೇರಿ ನಮಗೆ ಬಿಳಿಯಾಗಿ ಕಾಣುತ್ತದೆ. ಅಂದರೆ ನಿಮ್ಮ ಹವಳಕ್ಕೆ ಈಗಲೂ ಒಂದಿಷ್ಟು ನೀಲಿ ಸಿಗುತ್ತಿದೆ, ಹಾಗಾಗಿಯೇ ಆರು ತಿಂಗಳು ಬದುಕಿವೆ. ಆದರೆ ಸಮುದ್ರದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಕೆಂಪು ಬೆಳಕು ಮೊದಲ ಕೆಲವು ಮೀಟರ್‌ಗಳಲ್ಲೇ ಕರಗಿ ಹೋಗುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಹವಳದೊಳಗಿನ ಪಾಚಿಯೂ ಅದಕ್ಕೆ ಒಗ್ಗಿಕೊಂಡಿದೆ. 400ರಿಂದ 500 ನ್ಯಾನೋಮೀಟರ್ ತರಂಗಾಂತರದ, ಅಂದರೆ ನೇರಳೆ-ನೀಲಿ ಬೆಳಕೇ ಅದಕ್ಕೆ ಮುಖ್ಯ ಊಟ.

ಇನ್ನು ಗೆಳೆಯ ಹೇಳಿದ ಸ್ಟ್ರಿಪ್. ಸುಮ್ನೆ ಚೆಂದಕ್ಕೆ ಆದರೆ ಅಡ್ಡಿಯಿಲ್ಲ. ಸಂಜೆ ಹೊತ್ತು ಒಂದಷ್ಟು ಹೊಳಪು ಕಾಣುತ್ತದೆ. ಆದರೆ ಅದರ ಶಕ್ತಿ ಕಡಿಮೆ, ಹವಳ ಬೆಳೆಸಲು ಸಾಲದು. ಮೇಲಾಗಿ ಉಪ್ಪಿನ ಹನಿ ಸಿಡಿದು ಸಿಡಿದು, ಬೆಸುಗೆ ಹಾಕಿದ ಕಡೆ ಹಸಿರು ಹಿಟ್ಟು ಕಟ್ಟುತ್ತದೆ. ಆಮೇಲೆ ಮೂರು ಎಲ್‌ಇಡಿ ಉರಿಯುತ್ತವೆ, ಮೂರು ಉರಿಯುವುದಿಲ್ಲ. ನಾನಾದರೆ ರಾಯಲ್ ಬ್ಲೂ ಎಲ್‌ಇಡಿ ಇರುವ ಬಾರ್ ತಗೊಳ್ಳುತ್ತೇನೆ. 450 ನ್ಯಾನೋಮೀಟರ್ ಆಸುಪಾಸಿನದ್ದು, ಹಿಂದೆ ಬಿಸಿ ಹೊರಹಾಕುವ ಅಲ್ಯುಮಿನಿಯಂ ಹೀಟ್ ಸಿಂಕ್ ಇರುವುದು, ನೀರು ಒಳಗೆ ಹೋಗದ ಹಾಗೆ ಮುಚ್ಚಿರುವುದು. ಡಿಮ್ಮರ್ ಅಂತೂ ಇರಲೇಬೇಕು. ಯಾಕೆ ಅಂತ ಹೇಳುತ್ತೇನೆ.

ನನ್ನ ಹಳೇ ಟ್ಯಾಂಕಿನಲ್ಲಿ ನಾಲ್ಕು ಟ್ಯೂಬ್‌ಲೈಟ್ ಇದ್ದವು. ಒಂದು ಕೆಟ್ಟಿತು. ಅದರ ಜಾಗದಲ್ಲಿ ನೀಲಿ ಎಲ್‌ಇಡಿ ಬಾರ್ ಕೂರಿಸಿದೆ. ಹಚ್ಚಿದರೆ, ಅಯ್ಯೋ, ಇಷ್ಟೇನಾ ಅನ್ನಿಸಿತು. ಅಷ್ಟು ಮಬ್ಬು. ಡಿಮ್ಮರ್ ಪೂರ್ತಿ ತಿರುಗಿಸಿದೆ. ಆಗ ಪರವಾಗಿಲ್ಲ ಅಂತ ಕಂಡಿತು. ನಾಲ್ಕನೇ ದಿನ ಬೆಳಿಗ್ಗೆ, ಬಂಡೆಯ ತುದಿಯಲ್ಲಿ ತಟ್ಟೆಯ ಹಾಗೆ ಹರಡಿಕೊಂಡಿದ್ದ ಮಾಂಟಿಪೋರಾ ಹವಳ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಅಡ್ಡಕ್ಕೆ ಹೋಗಿದ್ದ ನೀರಿನ ಪೈಪಿನ ನೆರಳು ಬೀಳುತ್ತಿದ್ದ ಕಡೆ ಮಾತ್ರ ಎರಡು ಬೆರಳು ಅಗಲದ ಕಂದು ಪಟ್ಟಿ ಹಾಗೇ ಉಳಿದಿತ್ತು. ನೀರು ಕೆಟ್ಟಿದೆ, ಉಪ್ಪು ಸರಿಯಿಲ್ಲ ಅಂತೆಲ್ಲ ಯೋಚಿಸುತ್ತಿದ್ದವನಿಗೆ ಆ ಪಟ್ಟಿ ನೋಡಿದ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ. ನೀರು ಕೆಟ್ಟಿದ್ದರೆ ನೆರಳಿನಲ್ಲಿದ್ದದ್ದೂ ಬೆಳ್ಳಗಾಗಬೇಕಿತ್ತು, ಅಲ್ವಾ? ಜಾಸ್ತಿ ಬೆಳಕು ತಾಳಲಾರದೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿತ್ತು. ಮತ್ತೆ ಬಣ್ಣ ಬರಲು ಐದು ತಿಂಗಳು ಹಿಡಿಯಿತು. ಒಂದು ಅಂಚು ಸತ್ತೇ ಹೋಯಿತು.

ತಪ್ಪಿದ್ದು ನನ್ನ ಕಣ್ಣು. ನಮ್ಮ ಕಣ್ಣಿಗೆ ಹಗಲಿನಲ್ಲಿ ತುಂಬಾ ಚೆನ್ನಾಗಿ ಕಾಣುವುದು 555 ನ್ಯಾನೋಮೀಟರ್‌ನ ಹಸಿರು. ಅದನ್ನು 100 ಅಂತ ಇಟ್ಟುಕೊಂಡರೆ, 450ರ ನೀಲಿಗೆ ಕಣ್ಣು ಕೊಡುವ ಅಂಕ ಸುಮಾರು 4. ಬೆಳಕು ಅಳೆಯುವ ಲಕ್ಸ್ ಮೀಟರನ್ನೂ ಇದೇ ಕಣ್ಣಿನ ಲೆಕ್ಕಕ್ಕೆ ಹೊಂದಿಸಿರುತ್ತಾರೆ, ಆದ್ದರಿಂದ ಫೋನಿನ ಲಕ್ಸ್ ಆ್ಯಪ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇಕಾದದ್ದು 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಎಣಿಸುವ ಪಾರ್ ಮೀಟರ್. ಸ್ವಂತಕ್ಕೆ ಕೊಳ್ಳಬೇಕಾಗಿಲ್ಲ, ಹವಳ ಸಾಕುವ ಗೆಳೆಯರಲ್ಲಿ ಒಬ್ಬರ ಹತ್ತಿರ ಇದ್ದರೆ ಒಂದು ಸಂಜೆಗೆ ಕೇಳಿ ತನ್ನಿ. ಹಳೇ ಮಾಡೆಲ್ ಆದರೆ ನೀಲಿಯನ್ನು ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ನೆನಪಿರಲಿ. ಆ ಮೀಟರಿನಲ್ಲಿ ಮಶ್ರೂಮ್‌ಗೆ 50ರ ಆಸುಪಾಸು ಸಾಕು, ಹ್ಯಾಮರ್‌ಗೆ 100ರ ಆಚೀಚೆ.

ಮೀಟರ್ ಸಿಗದಿದ್ದರೆ ತಾಳ್ಮೆಯೇ ಮೀಟರ್. ನೀಲಿಯನ್ನು ನೂರಕ್ಕೆ 20ರಲ್ಲಿ ಶುರು ಮಾಡಿ, ವಾರಕ್ಕೆ 5 ಏರಿಸಿ. ನಿಮ್ಮ ಮಶ್ರೂಮ್ ಇದಕ್ಕೆ ಒಳ್ಳೇ ಕಾವಲುಗಾರ. ಬೆಳಕು ಕಡಿಮೆಯಾದರೆ ಅಗಲವಾಗಿ ಹರಡಿಕೊಳ್ಳುತ್ತದೆ, ಜಾಸ್ತಿಯಾದರೆ ಕುಗ್ಗಿ ಗುಂಡಿಯಂತಾಗುತ್ತದೆ. ಕುಗ್ಗಿದ್ದು ಕಂಡರೆ ಎರಡು ವಾರ ಹಿಂದಿನ ಮಟ್ಟಕ್ಕೆ ಇಳಿಸಿ. ದಿನಕ್ಕೆ ನೀಲಿ 10 ಗಂಟೆ, ಅದರ ನಡುವೆ ಬಿಳಿ 7 ಗಂಟೆ. ಬೆಳಿಗ್ಗೆ ನೀಲಿ ಮೊದಲು, ಸಂಜೆ ನೀಲಿ ಕೊನೆಗೆ. ಟೈಮರ್‌ಗೆ ಬಿಡಿ, ಕೈಯಲ್ಲಿ ಮಾಡುತ್ತೇನೆ ಅಂತ ಹೋಗಬೇಡಿ.

ಬಾರನ್ನು ಎಲ್ಲಿಡಬೇಕು ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಬಿಳಿಯಿಂದ ದೂರ ಇಟ್ಟರೆ ಮರಳಿನ ಮೇಲೆ ಒಂದೊಂದಕ್ಕೂ ಎರಡೆರಡು ನೆರಳು, ಒಂದು ನೀಲಿ, ಒಂದು ಹಳದಿ. ಎರಡು ಬಿಳಿ ದೀಪಗಳ ನಡುವೆ ಒತ್ತಿ ಕೂರಿಸಿದರೆ ಈ ಕಾಟ ಬಹಳ ಕಡಿಮೆ. ಲೆನ್ಸ್ ಇರುವ ಬಾರ್ ಆದರೆ ನಿಮ್ಮ ಟ್ಯಾಂಕಿಗೆ ಅಗಲ ಕೋನದ್ದೇ ಸರಿ. ಇಕ್ಕಟ್ಟಿನದು ಒಂದೇ ಜಾಗವನ್ನು ಸುಡುತ್ತದೆ. ವೈರ್ ಪ್ಲಗ್‌ಗೆ ಹೋಗುವ ಮುಂಚೆ ಒಂದು ಸಲ ಕೆಳಗೆ ಜೋತುಬಿದ್ದು ಮೇಲೇರಲಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಉರಿಯುವ ನೀಲಿ ಎಲ್‌ಇಡಿಯನ್ನು ನೇರವಾಗಿ ದಿಟ್ಟಿಸಬೇಡಿ. ಮಬ್ಬಾಗಿ ಕಾಣುತ್ತದೆ ಅಂತ ಅದು ಕಣ್ಣಿಗೆ ಮೃದು ಅಲ್ಲ.

ಪ್ರಶ್ನೆ: ರಾತ್ರಿಯಿಡೀ ಬೆಳದಿಂಗಳ ಹಾಗೆ ನೀಲಿ ದೀಪ ಉರಿಸುತ್ತಿದ್ದೇನೆ. ಮೀನಿಗೆ ತೊಂದರೆಯಾ?

ಉತ್ತರ: ಬೆಳದಿಂಗಳು ನೀಲಿ ಅಂತ ಯಾರು ಹೇಳಿದರೋ! ಅದು ಚಂದ್ರನಿಗೆ ಬಡಿದು ಬಂದ ಬಿಸಿಲೇ. ಹುಣ್ಣಿಮೆಯ ರಾತ್ರಿಯೂ ಅದು ಅರ್ಧ ಲಕ್ಸ್ ಮುಟ್ಟುವುದಿಲ್ಲ. ಮೀನಿಗೆ ಕತ್ತಲು ಬೇಕು, ನಿದ್ದೆ ಬೇಕು. ಊಟ ಮುಗಿಸಿ ನೀವು ನೋಡುತ್ತಾ ಕೂರುವ ಒಂದು ಗಂಟೆ ಸಣ್ಣಗೆ ಉರಿಯಲಿ, ಆಮೇಲೆ ಆರಿಸಿ.

ಪ್ರಶ್ನೆ: ನೀಲಿ ಬೆಳಕಿನಲ್ಲಿ ಟ್ಯಾಂಕ್ ಅದ್ಭುತವಾಗಿ ಕಾಣುತ್ತದೆ. ಫೋನಿನಲ್ಲಿ ಫೋಟೋ ತೆಗೆದರೆ ಇಂಕು ಚೆಲ್ಲಿದ ಹಾಗಿದೆ. ಏನು ಮಾಡಲಿ?

ಉತ್ತರ: ಕ್ಯಾಮೆರಾದ ಮುಂದೆ ಹಳದಿ ಅಥವಾ ಕಿತ್ತಳೆ ಬಣ್ಣದ ಫಿಲ್ಟರ್ ಹಿಡಿಯಿರಿ. ಅದು ನೀಲಿಯನ್ನು ತಡೆಯುತ್ತದೆ, ಹವಳದ ಹೊಳಪು ಉಳಿಯುತ್ತದೆ. ಬಿಳಿಯನ್ನು ಹತ್ತು ನಿಮಿಷ ಏರಿಸಿದರೂ ನಡೆಯುತ್ತದೆ, ಅಷ್ಟಕ್ಕೆ ಹವಳಕ್ಕೇನೂ ಆಗುವುದಿಲ್ಲ. ಪಂಪ್ ನಿಲ್ಲಿಸಿ, ಫೋನನ್ನು ಓರೆ ಮಾಡದೆ ಗಾಜಿಗೆ ನೇರವಾಗಿ ಒತ್ತಿ ಹಿಡಿಯಿರಿ. ತೆಗೆದ ಮೇಲೆ ಪಂಪ್ ಮತ್ತೆ ಹಾಕಲು ಮರೆಯಬೇಡಿ. ಇನ್ನು ಗಾಜಿನ ಹೊರಮೈಯನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿಕೊಳ್ಳಿ. ನನ್ನ ಅರ್ಧಕ್ಕರ್ಧ ಫೋಟೋಗಳಲ್ಲಿ ಹವಳಕ್ಕಿಂತ ಒಣಗಿದ ಉಪ್ಪಿನ ಕಲೆಯೇ ಸ್ಪಷ್ಟವಾಗಿ ಬಂದಿದೆ.