ನಿಷೇಧ ಇದ್ದರೂ ಡಾಡ್ಜ್ ಸಿಟಿಯ ಸಲೂನ್ ಮುಚ್ಚಲಿಲ್ಲ ಯಾಕೆ?

1881ರಲ್ಲೇ ಅಮೆರಿಕದ ಕನ್ಸಾಸ್ ರಾಜ್ಯದಲ್ಲಿ ಮದ್ಯ ನಿಷೇಧ ಬಂತು, ಹಾಗಿದ್ದರೂ ಅದೇ ರಾಜ್ಯದ ಡಾಡ್ಜ್ ಸಿಟಿಯ ಸಲೂನ್‌ಗಳು ಹೇಗೆ ನಡೆದವು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. (ಇಲ್ಲಿ ಸಲೂನ್ ಅಂದ್ರೆ ಕ್ಷೌರದಂಗಡಿ ಅಲ್ಲ, ಹೆಂಡದಂಗಡಿ.)

ಕಾನೂನು ರಾಜ್ಯದ್ದು, ಆದರೆ ಅದನ್ನು ಜಾರಿ ಮಾಡಬೇಕಾದವರು ಊರಿನವರು. ಊರು ಬದುಕಿದ್ದೇ ಟೆಕ್ಸಾಸ್‌ನಿಂದ ಬರುತ್ತಿದ್ದ ದನಗಳ ಹಿಂಡಿನಿಂದ. ವಾರಗಟ್ಟಲೆ ಧೂಳು ಕುಡಿದು ಬಂದ ಕೌಬಾಯ್‌ಗೆ ಕೈಗೆ ಸಂಬಳ ಸಿಕ್ಕ ಕೂಡಲೇ ಬೇಕಾಗಿದ್ದು ಒಂದು ಗ್ಲಾಸ್, ಒಂದು ಇಸ್ಪೀಟ್ ಮೇಜು. ಆ ದುಡ್ಡನ್ನು ಊರು ಬಿಟ್ಟುಕೊಡುತ್ತಾ?

ಲಾಂಗ್ ಬ್ರಾಂಚ್ ಸಲೂನನ್ನೇ ನೋಡಿ. ಅದರ ಪಾಲುದಾರ ಚಾಕ್ ಬೀಸನ್ ಸ್ವತಃ ಪಿಟೀಲು ನುಡಿಸುತ್ತಿದ್ದ, ಗಿರಾಕಿಗಳಿಗಾಗಿ ವಾದ್ಯಮೇಳ ಇಟ್ಟಿದ್ದ. ನನಗೆ ತುಂಬಾ ಇಷ್ಟವಾಗುವ ವಿಷಯ ಇದು. ಸಲೂನ್ ಅಂದ್ರೆ ಬರೀ ಗುಂಡಿನ ಕಾಳಗ ಅಂದುಕೊಳ್ತೀವಿ, ಆದರೆ ಮಾಲೀಕನಿಗೆ ಅದು ದಿನನಿತ್ಯದ ವ್ಯಾಪಾರ. ಗಿರಾಕಿ ಇನ್ನೂ ಸ್ವಲ್ಪ ಹೊತ್ತು ಕೂರಬೇಕು, ಅಷ್ಟೇ.

ಕೊನೆಗೆ ಪೆಟ್ಟು ಕೊಟ್ಟಿದ್ದು ನಿಷೇಧಕ್ಕಿಂತ ಜಾಸ್ತಿ ಟೆಕ್ಸಾಸ್ ದನಗಳಿಂದ ಹರಡುತ್ತಿದ್ದ ದನಗಳ ಜ್ವರ. ಆ ಭಯಕ್ಕೆ 1885ರಲ್ಲಿ ಕನ್ಸಾಸ್ ರಾಜ್ಯ ಟೆಕ್ಸಾಸ್ ದನಗಳು ಒಳಗೆ ಬರದಂತೆ ತಡೆಯಿತು. ಅದೇ ವರ್ಷ ಊರಿನ ಮುಖ್ಯ ಬೀದಿಯಾದ ಫ್ರಂಟ್ ಸ್ಟ್ರೀಟ್‌ಗೆ ಬಿದ್ದ ಬೆಂಕಿಯಲ್ಲಿ ಲಾಂಗ್ ಬ್ರಾಂಚ್ ಕೂಡ ಸುಟ್ಟುಹೋಯಿತು.