ಓದುಗರ ಪ್ರಶ್ನೆ: ತಗಡಿನ ಸೂರು, ನಿಂತುಹೋದ ಪಿಂಚಣಿ

ಪ್ರಶ್ನೆ: ನನ್ನ ದೊಡ್ಡವ್ವನಿಗೆ 67 ವರ್ಷ, ಗಂಡನಿಲ್ಲ, ಮಕ್ಕಳಿಲ್ಲ. ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತಗಡಿನ ಶೆಡ್ಡಿಗೆ ತಿಂಗಳಿಗೆ 700 ರೂಪಾಯಿ ಬಾಡಿಗೆ ಕೊಟ್ಟು ಇದ್ದಾರೆ. ನಾವು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವಾಗ ಅವರನ್ನೂ ಕರೆದೊಯ್ದಿದ್ದೆವು. ಆ ಸಮಯದಲ್ಲಿ ಪಿಂಚಣಿ ಪರಿಶೀಲನೆಗೆ ಬಂದವರು ಬಾಗಿಲಿಗೆ ಬೀಗ ಕಂಡು ವಾಪಸಾದರಂತೆ. ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ಪಿಂಚಣಿಯ ಹಣ ನಿಂತು ನಾಲ್ಕು ತಿಂಗಳಾಯಿತು. ಬಾಡಿಗೆ ತಪ್ಪಬಾರದೆಂದು ಅವರು ಬಿ.ಪಿ. ಮಾತ್ರೆ ಕೊಳ್ಳುವುದನ್ನೇ ಬಿಟ್ಟಿದ್ದಾರೆ. ಸರಕಾರದ ಮನೆ ಕೇಳಿದರೆ ಪಂಚಾಯಿತಿಯವರು "ಇರಲು ಜಾಗ ಇದೆಯಲ್ಲ" ಎಂದರು. ಏನು ಮಾಡಬೇಕು?
— ಓದುಗರು, ರಾಯಚೂರು ಜಿಲ್ಲೆ

ಉತ್ತರ: ಮೊದಲು ಮಾತ್ರೆಯ ಮಾತು. ಪಿಂಚಣಿ ಬರುವವರೆಗೆ ಕಾಯಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ನಾಳೆಯೇ ಕರೆದುಕೊಂಡು ಹೋಗಿ.

ಪಿಂಚಣಿಗೆ ಸಂಬಂಧಿಸಿದಂತೆ, ದೊಡ್ಡವ್ವನ ಆಧಾರ್, ಪಡಿತರ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋಗಿ, ಹಣ ಯಾವ ತಿಂಗಳಿಂದ, ಯಾವ ಕಾರಣಕ್ಕೆ ನಿಂತಿದೆಯೆಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗಬೇಡಿ. ಕೆಲವೊಮ್ಮೆ ಬೀಗ ಹಾಕಿದ ಬಾಗಿಲಿಗಿಂತ ಖಾತೆಗೆ ಆಧಾರ್ ಜೋಡಣೆಯಾಗದಿರುವುದೇ ಕಾರಣವಾಗಿರುತ್ತದೆ. ನಿಂತ ತಿಂಗಳುಗಳ ಬಾಕಿಯನ್ನೂ ಅದೇ ಅರ್ಜಿಯಲ್ಲಿ ಕೇಳಿ. ಅಧಿಕಾರಿಗಳು ಪಿಂಚಣಿ ದೂರುಗಳನ್ನು ನೇರವಾಗಿ ಕೇಳುವ ಪಿಂಚಣಿ ಅದಾಲತ್ ನಡೆಯುವ ದಿನ ದೊಡ್ಡವ್ವನನ್ನೇ ಎದುರಿಗೆ ಕೂರಿಸಿದರೆ ಅವರು ಬದುಕಿದ್ದಾರೆ, ಊರಲ್ಲೇ ಇದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗದು.

ಒಬ್ಬರ ಸವಲತ್ತನ್ನು ಕಸಿಯುವ ಮೊದಲು ಅವರಿಗೆ ನೋಟಿಸು ಕೊಟ್ಟು ಅವರ ಮಾತು ಕೇಳಬೇಕೆಂಬುದು ಸಹಜ ನ್ಯಾಯದ ಮೂಲ ತತ್ತ್ವ. ಮಳೆಯಿಲ್ಲದ ತಿಂಗಳುಗಳಲ್ಲಿ ಊರಿಗೆ ಊರೇ ಗುಳೆ ಹೋಗುವ ನಮ್ಮ ರಾಯಚೂರು, ಕೊಪ್ಪಳದಂಥ ಜಿಲ್ಲೆಗಳಲ್ಲಿ ಒಂದೇ ಭೇಟಿಯಲ್ಲಿ ಬೀಗ ಕಂಡು ಹೆಸರು ಕೈಬಿಡುವುದು ನನ್ನ ದೃಷ್ಟಿಯಲ್ಲಿ ತೀರ ಅನ್ಯಾಯ. ಆದಾಯ ಮಿತಿಯ ವಿಷಯದಲ್ಲೂ ಇಂಥದೇ ತೊಡಕಿದೆ. ಈ ಪಿಂಚಣಿಗಳಿಗೆ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ಆದರೆ 2024–25ರಲ್ಲಿ ರಾಜ್ಯದ ನರೇಗಾ (ಉದ್ಯೋಗ ಖಾತರಿ) ದಿನಗೂಲಿ 349 ರೂಪಾಯಿ ಇತ್ತು; ಒಂಟಿ ವಿಧವೆಯೊಬ್ಬರು ಆಗ ಸರಕಾರವೇ ಖಾತರಿ ಕೊಟ್ಟಿದ್ದ 100 ದಿನ ಮಣ್ಣು ಹೊತ್ತಿದ್ದರೆ ಅವರ ಗಳಿಕೆ 34,900 ರೂಪಾಯಿ ಆಗಿ ಮಿತಿಯನ್ನು ದಾಟುತ್ತಿತ್ತು. ದುಡಿದದ್ದಕ್ಕೆ ಪಿಂಚಣಿ ಕಳೆದುಕೊಳ್ಳುವ ಭಯ ಯಾರಿಗೂ ಇರಬಾರದು. ಆ ಮಿತಿ ಏರಲೇಬೇಕು.

ಇನ್ನು "ಇರಲು ಜಾಗ ಇದೆಯಲ್ಲ" ಎಂಬ ಮಾತು. 1996ರಲ್ಲಿ ವರದಿಯಾದ ಚಮೇಲಿ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸೂರು ಎಂದರೆ ತಲೆಯ ಮೇಲಿನ ಮರೆಯಷ್ಟೇ ಅಲ್ಲ, ಸಾಕಷ್ಟು ಸ್ಥಳ, ಭದ್ರವಾದ ಕಟ್ಟಡ, ಗಾಳಿ, ಬೆಳಕು, ನೀರು, ಶೌಚ ವ್ಯವಸ್ಥೆ ಎಲ್ಲವೂ ಸೇರಿದ್ದು ಎಂದು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ವಸತಿ ಮತ್ತು ಆರೋಗ್ಯದ ಕುರಿತು ಮಾರ್ಗಸೂಚಿ ಪ್ರಕಟಿಸಿ, ಮನೆಯೊಳಗಿನ ಅತಿಯಾದ ಶಾಖ ಮತ್ತು ಇಕ್ಕಟ್ಟನ್ನು ಅನಾರೋಗ್ಯದ ಕಾರಣಗಳಲ್ಲಿ ಎಣಿಸಿದೆ. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ತಗಡಿನ ಕೆಳಗೆ ಕುಳಿತ ಮುದುಕಿಯ ದೇಹ ಎಳೆಯರಂತೆ ಬೇಗ ತಣಿಯುವುದಿಲ್ಲ. ನಮ್ಮ ಹಳೆಯ ಮಣ್ಣಿನ ಮಾಳಿಗೆ ತಂಪಾಗಿರುತ್ತಿತ್ತು, ನಿಜ. ಆದರೆ ಜಡಿಮಳೆಗೆ ಅದು ಕುಸಿಯುವ ಭಯವೂ ಅಷ್ಟೇ ನಿಜ.

ಆದ್ದರಿಂದ ಗ್ರಾಮ ಸಭೆಯಲ್ಲಿ ವಸತಿರಹಿತರ ಪಟ್ಟಿಗೂ ನಿವೇಶನರಹಿತರ ಪಟ್ಟಿಗೂ ದೊಡ್ಡವ್ವನ ಹೆಸರು ಸೇರಿಸುವಂತೆ ಕೇಳಿ. ವಿಧವೆಯರು, ಅಂಗವಿಕಲರು ಮೊದಲಾದ ವಿಶೇಷ ವರ್ಗದವರಿಗೆ ದೇವರಾಜ ಅರಸು ವಸತಿ ಯೋಜನೆ ಇದೆ. ರಾಜೀವ್ ಗಾಂಧಿ ವಸತಿ ನಿಗಮ ಅದನ್ನು ನಡೆಸುತ್ತದೆ. ಹಣವನ್ನು ತಳಪಾಯ, ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ತೊಲೆ), ಛಾವಣಿ, ಪೂರ್ಣ ಎಂದು ಒಂದೊಂದು ಹಂತ ಮುಗಿದ ಮೇಲೆ ಕೊಡುವುದರಿಂದ ತಳಪಾಯಕ್ಕೆ ಕೈಯಿಂದ ಹಾಕುವಷ್ಟು ಹಣವನ್ನು ಕುಟುಂಬದವರು ಹೊಂದಿಸಿಕೊಂಡಿರಬೇಕು. ಒಂಟಿ ವೃದ್ಧೆಗೆ ಇದೇ ದೊಡ್ಡ ಅಡ್ಡಿ, ಮತ್ತು ಈ ನಿಯಮವನ್ನು ಅವರಂಥವರಿಗಾಗಿ ಸಡಿಲಿಸಬೇಕೆಂದು ನಾನು ದೃಢವಾಗಿ ನಂಬಿದ್ದೇನೆ. ಸದ್ಯಕ್ಕೆ ಆ ಮೊದಲ ಹಂತದ ಹೊಣೆಯನ್ನು ನೀವು ಹೊರಬೇಕಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಹಳೆಯ ಬೈಕ್ ಇದೆಯೆಂದು ಪ್ರಧಾನಮಂತ್ರಿ ಆವಾಸ್ ಪಟ್ಟಿಯಿಂದ ಹಿಂದೆ ಹೆಸರು ಬಿಟ್ಟಿದ್ದರು. ಮತ್ತೆ ಕೇಳಬಹುದೇ?
— ಓದುಗರು, ಕುಷ್ಟಗಿ

ಉತ್ತರ: ಕೇಳಬಹುದು. ಗ್ರಾಮೀಣ ಯೋಜನೆಯಲ್ಲಿ ಹೊರಗಿಡುವ 13 ಷರತ್ತುಗಳನ್ನು 2024ರಲ್ಲಿ 10ಕ್ಕೆ ಇಳಿಸಿ, ದ್ವಿಚಕ್ರ ವಾಹನ ಮತ್ತು ಫ್ರಿಜ್ ಇದ್ದವರನ್ನು ಹೊರಗಿಡಬಾರದೆಂದು ಮಾಡಿದರು. ತಿಂಗಳ ಆದಾಯದ ಮಿತಿಯನ್ನೂ 10,000ದಿಂದ 15,000 ರೂಪಾಯಿಗೆ ಏರಿಸಿದರು. ಕೂಲಿಗೆ ಹೋಗಲು ಬೈಕ್ ಇಟ್ಟುಕೊಂಡವರನ್ನು ಉಳ್ಳವರೆಂದು ಎಣಿಸಿದ ತಪ್ಪು ಹೀಗೆ ಸರಿಯಾಯಿತು. ಹೊಸ ಸಮೀಕ್ಷೆಯ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಪಂಚಾಯಿತಿಯಲ್ಲಿ ನೋಡಿ. ಇಲ್ಲದಿದ್ದರೆ ಕಾರಣ ಕೇಳಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿ.ಡಿ.ಒ.) ಅವರಿಗೆ ಲಿಖಿತ ಅರ್ಜಿ ಕೊಡಿ.